ದಸ್ತಗೀರ ಚಾಚಾ ಮತ್ತು ರಬ್ಬರ್ ಮೀನು

ಶಿವರಾತ್ರಿ ಮುಗಿದ ಮೇಲಿನ ಶನಿವಾರ, ಬೆಳಿಗ್ಗೆ ಆರೂವರೆಗೆ ಇಂಡಿ ಊರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ನಿಡಗುಂದಿಗೆ ಹೋಗುವವರು ವಿಜಯಪುರದ ಬಸ್ ಹಿಡಿಯುತ್ತಾರೆ, ಮಧ್ಯಾಹ್ನದೊಳಗೆ ಮುಟ್ಟಬಹುದು. ನಾನು ಹತ್ತಿದ್ದು ಸಿಂದಗಿಯ ಬಸ್ಸು. "ನೆಟ್ಟಗಿನ ದಾರಿ ಬಿಟ್ಟು ಜಿಲ್ಲಾ ಪೂರಾ ಸುತ್ತಾಕ ಹೊಂಟೀರಲ್ಲ, ತಲಿಗಿಲಿ ಕೆಟ್ಟೈತೇನ್ರಿ?" ಎಂದು ಹೆಂಡತಿ ಹಿಂದಿನ ದಿನವೇ ಕೇಳಿದ್ದಳು. ಕೆಟ್ಟಿರಲಿಲ್ಲ. ಸಿಂದಗಿಯಲ್ಲಿ ರಬ್ಬರ್ ಮೀನು ಕೊಳ್ಳಬೇಕಿತ್ತು, ಮುದ್ದೇಬಿಹಾಳದಲ್ಲಿ ಒಂದು ಗಾಳದ ಕೋಲು ಇಸಿದುಕೊಳ್ಳಬೇಕಿತ್ತು. ಎರಡೂ ದಸ್ತಗೀರ ಚಾಚಾರ ಸಲುವಾಗಿ.

ಚಾಚಾ ನನ್ನ ರಕ್ತಸಂಬಂಧಿಯಲ್ಲ. ಇಂಡಿ–ಮುದ್ದೇಬಿಹಾಳ ಬಸ್ಸಿನ ಡ್ರೈವರ್ ಆಗಿದ್ದರು. ನಾನು ಪಂಪಿನ ಮೋಟರ್‌ಗಳಿಗೆ ತಂತಿ ಸುತ್ತುವವನು. ನನ್ನ ಅಂಗಡಿಯ ಹಿಂದಿನ ಓಣಿಯಲ್ಲೇ ಅವರ ಮನೆ. ಅವರ ವಾರದ ರಜೆ ಬಂತೆಂದರೆ ಹೊತ್ತು ಮೂಡುವ ಮೊದಲೇ ನನ್ನ ಬಾಗಿಲು ಬಡಿಯುತ್ತಿದ್ದರು. "ಏಳೋ ಮಲ್ಲ್ಯಾ, ಹೊಳಿ ಕರ್ಯಾಕತ್ತೈತಿ." ಹದಿನೆಂಟು ವರ್ಷ ಭೀಮಾ ನದಿಯ ದಂಡೆಯಲ್ಲಿ ಅವರ ಪಕ್ಕ ಕೂತಿದ್ದೇನೆ. ಗಂಟು ಹಾಕುವುದು, ಹುಳು ಚುಚ್ಚುವುದು, ಬಾಯಿ ಮುಚ್ಚಿಕೊಂಡು ಕೂರುವುದು, ಎಲ್ಲ ಅವರೇ ಕಲಿಸಿದ್ದು. ಕೊನೆಯದನ್ನು ನಾನು ಸರಿಯಾಗಿ ಕಲಿಯಲಿಲ್ಲ.

ಎರಡು ವರ್ಷದ ಹಿಂದೆ ಚಾಚಾರಿಗೆ ಲಕ್ವಾ ಹೊಡೆಯಿತು. ಕಾಲು, ಮಾತು ಉಳಿದವು. ಬಲಗೈ ಬೆರಳುಗಳು ಹೋದವು. ಇಂಡಿಯ ಬಾಡಿಗೆ ಮನೆ ಬಿಟ್ಟು, ನಿಡಗುಂದಿ ಹತ್ತಿರದ ಹಳ್ಳಿಯಲ್ಲಿರುವ ಚಾಚಿಯ ತವರುಮನೆಗೆ ಇಬ್ಬರೂ ಹೋದರು. ನಾನು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಅಂಗಡಿಯ ಕೆಲಸ ಎಂದು ಎಲ್ಲರಿಗೂ ಹೇಳಿದೆ. ನಿಜವೆಂದರೆ ಆ ಕೈಯನ್ನು ನೋಡುವ ಧೈರ್ಯ ನನಗೆ ಇರಲಿಲ್ಲ. ಹೊಳೆಗೂ ಒಬ್ಬನೇ ಎರಡು ಸಲ ಹೋಗಿ, ಬೈಯುವವರಿಲ್ಲದೆ ಬೇಸರ ಬಂದು, ಹತ್ತು ಗಂಟೆಗೇ ಎದ್ದು ಬಂದಿದ್ದೆ.

ಬಸ್ಸಿನಲ್ಲಿ ನಿಂಬೆಹಣ್ಣಿನ ಚೀಲಗಳ ಘಮ ತುಂಬಿತ್ತು. ಸಾಲೋಟಗಿಯಲ್ಲಿ ಹತ್ತಿದ ಮುದುಕಿಯೊಬ್ಬಳು ನನ್ನ ಪಕ್ಕ ಕೂತು, ಕಂಡಕ್ಟರ್‌ಗೆ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದಳು. ನಾನು ಹಣ ಎಣಿಸಿ ಕೊಡುವುದನ್ನು ಕಂಡು "ಪಾಪ" ಎಂದಳು. ಹೊರಗೆ ಜೋಳದ ರಾಶಿ ಶುರುವಾಗಿತ್ತು, ತೆನೆ ಮುರಿಯುವ ಹೆಂಗಸರು ಬಿಸಿಲೇರುವ ಮೊದಲೇ ಹೊಲಕ್ಕಿಳಿದಿದ್ದರು.

ಸಾಲೋಟಗಿ ದಾಟುವಾಗ ನನಗೆ ಚಾಚಾರ ಎಣಿಕೆ ನೆನಪಾಯಿತು. ಆ ಎಣಿಕೆಯನ್ನು ಇಲ್ಲಿ ಹೇಳಿಬಿಡಬೇಕು. ಕೊರವ ಮೀನು, ಅಂದರೆ ಹಾವಿನ ತಲೆಯಂಥ ತಲೆಯ ಕರಿಮೀನು, ಹುಳು ಕಂಡ ಕೂಡಲೇ ನುಂಗುವುದಿಲ್ಲ. ಮೊದಲು ತುಟಿಯಲ್ಲಿ ಹಿಡಿದುಕೊಂಡು ಸ್ವಲ್ಪ ದೂರ ಒಯ್ಯುತ್ತದೆ. ಆಗಲೇ ಜಗ್ಗಿದರೆ ಬಿಟ್ಟು ಓಡುತ್ತದೆ. ದಾರ ಸಡಿಲ ಬಿಟ್ಟು, ನುಂಗುವ ತನಕ ತಡೆಯಬೇಕು. ಎಷ್ಟು ಹೊತ್ತು? ಚಾಚಾ ಅಂಕಿ ಎಣಿಸುತ್ತಿರಲಿಲ್ಲ. ತಮ್ಮ ಬಸ್ಸಿನ ಊರುಗಳನ್ನು ಒಂದೊಂದಾಗಿ, ಉಸಿರು ತೆಗೆದುಕೊಂಡು ಹೇಳುತ್ತಿದ್ದರು: ಇಂಡಿ... ಸಾಲೋಟಗಿ... ಸಿಂದಗಿ... ಕಲಕೇರಿ... ತಾಳಿಕೋಟಿ. ತಾಳಿಕೋಟಿ ಬಂದಾಗ ಜಗ್ಗು. ನಾನು ಯಾವಾಗಲೂ ಸಿಂದಗಿಯಲ್ಲೇ ಜಗ್ಗಿ ಮೀನು ಕಳೆದುಕೊಳ್ಳುತ್ತಿದ್ದೆ. "ನಿನ್ನ ಬಸ್ಸ ಮುದ್ದೇಬಿಹಾಳ ಕಾಣೂದಿಲ್ಲ ಬಿಡೋ" ಎಂದು ನಗುತ್ತಿದ್ದರು.

ಐವತ್ತು ಕಿಲೋಮೀಟರಿಗೆ ಹತ್ತಿರದ ದಾರಿ ಮುಗಿದು ಸಿಂದಗಿಯಲ್ಲಿ ಇಳಿದಾಗ ಎಂಟು ದಾಟಿತ್ತು. ಮಿರ್ಚಿ, ಚುರುಮುರಿ ತಿಂದು ಚಹಾ ಕುಡಿದೆ. ಮೊಬೈಲ್ ಅಂಗಡಿಯೊಂದರ ಹಿಂಬದಿಯಲ್ಲಿ ಗಾಳದ ಸಾಮಾನು ಮಾರುತ್ತಾರೆಂದು ಕೇಳಿದ್ದೆ. ಅಂಗಡಿಯವನಿಗೆ ಮೂವತ್ತರ ಸುಮಾರು, ಮಾತು ಮಾತ್ರ ಅರವತ್ತರದು. ಗಾಜಿನ ಕೆಳಗಿಂದ ಒಂದು ಪೊಟ್ಟಣ ತೆಗೆದು ಸುರಿದ. ಬೆರಳುದ್ದದ ಮೆತ್ತನೆಯ ಮೀನುಗಳು, ಹಸಿರು ಬೆನ್ನು, ಬಿಳಿ ಹೊಟ್ಟೆ, ಹೊಟ್ಟೆಯೊಳಗೆ ಸೀಸ, ಬೆನ್ನ ಮೇಲೆ ಗಾಳದ ಕೊಕ್ಕೆ. ಮುಟ್ಟಿದರೆ ಬಾಲ ನಡುಗುತ್ತಿತ್ತು.

"ಹುಳ ಬ್ಯಾಡ, ಹಿಟ್ಟ ಬ್ಯಾಡ, ಗಂಟ ಒಂದ ಸಲ ಹಾಕಿಟ್ರ ಮುಗೀತ್ರಿ. ಒಗೀರಿ, ರೀಲ ಸುತ್ರಿ. ಮೀನ ತಾನ ಬಂದ ಸಿಕ್ಕೊಂತೈತಿ" ಎಂದ.

"ಹೊಸಬರಿಗೆ ಸರಿ. ಐವತ್ತು ವರ್ಷ ಗಾಳ ಹಾಕಿದವರಿಗೆ?" ಎಂದು ಕೇಳಿದೆ.

ಅವನು ಸ್ವಲ್ಪ ಯೋಚಿಸಿದ. ಮಾರುವವನು ಯೋಚಿಸಿದ್ದು ನನಗೆ ಹಿಡಿಸಿತು. "ಖರೇ ಹೇಳ್ಲೇನ್ರಿ? ಹಳಬರು ಒಯ್ತಾರ, ಎಂಟ ದಿನಕ್ಕ ತಿರುಗಿ ತಂದು ನನ್ನ ಬೈತಾರ. ಯಾಕಂತ ನನಗ ತಿಳ್ದಿಲ್ರಿ. ಆದ್ರ ಕೈಲಾಗದವ್ರಿಗೆ ಇದರಷ್ಟು ಛಲೋ ಮತ್ತೊಂದಿಲ್ಲ. ಯಾರ ಹಂಗೂ ಬೇಕಾಗಿಲ್ಲ, ಒಬ್ಬರ ಹಿಡೀಬಹುದು."

ಒಬ್ಬರೇ ಹಿಡಿಯಬಹುದು. ನನಗೆ ಬೇಕಾಗಿದ್ದುದೇ ಅದು. ರೀಲಿನ ಹಿಡಿ ತಿರುಗಿಸಲು ಬೆರಳು ಬೇಡ, ಮುಷ್ಟಿ ಸಾಕು. ಹುಳುವನ್ನು ಚಿವುಟಿ ಚುಚ್ಚುವ ಕೆಲಸವೇ ಇಲ್ಲ. ಚಾಚಾ ಮತ್ತೆ ನೀರಿಗೆ ಇಳಿಯುತ್ತಾರೆ! ಖುಷಿಯಲ್ಲಿ ಒಂದರ ಬದಲು ಎರಡು ಪೊಟ್ಟಣ ಕೊಂಡೆ.

ತಾಳಿಕೋಟಿಯಲ್ಲಿ ಬಸ್ ಬದಲಿಸಿ ಮುದ್ದೇಬಿಹಾಳ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿ ಸಿದ್ದಪ್ಪ ಕಾಕಾರ ಮನೆ. ಚಾಚಾರ ಬಸ್ಸಿನಲ್ಲಿ ವರ್ಷಗಟ್ಟಲೆ ಕಂಡಕ್ಟರ್ ಆಗಿದ್ದವರು. ಲಕ್ವಾ ಹೊಡೆದ ಮೇಲೆ ಚಾಚಾ ತಮ್ಮ ಕೋಲು, ರೀಲು ಎರಡನ್ನೂ ಅವರ ಮನೆಗೆ ಕಳಿಸಿಬಿಟ್ಟಿದ್ದರು. ನಾನು ಅಂಗಳಕ್ಕೆ ಕಾಲಿಟ್ಟಾಗ ಕಾಕಾ ಅದೇ ಕೋಲಿನಿಂದ ನುಗ್ಗೆಕಾಯಿ ಕೀಳುತ್ತಿದ್ದರು.

"ಕಾಕಾ! ಇದೇನ್ರಿ ಇದು?"

"ಯಾಕ, ಸುಮ್ನ ಮೂಲ್ಯಾಗ ನಿಂತ ಏನ ಮಾಡಬೇಕಪ ಅದು? ನುಗ್ಗಿಕಾಯಿಗೆ ಬೆಸ್ಟ್ ಐತಿ" ಎಂದರು, ನಾಚಿಕೆಯಿಲ್ಲದೆ. ನನ್ನ ಮುಖ ನೋಡಿ ಕೋಲನ್ನು ಲುಂಗಿಯಲ್ಲಿ ಒರೆಸಿ ಕೊಟ್ಟರು. ತುದಿ ಗೀರಾಗಿತ್ತು, ಮುರಿದಿರಲಿಲ್ಲ. ರೀಲು ಮಾತ್ರ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದರು. ಕೋಪ ಅಲ್ಲಿಗೆ ಇಳಿಯಿತು.

ಕಾಕಾ ಬಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಬಡಿಸಿದರು. ಊಟ ಮುಗಿದ ಮೇಲೆ ರಬ್ಬರ್ ಮೀನು ತೋರಿಸಿದೆ. ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ನೋಡುವಂತೆ ನೋಡಿದರು. "ನಿಮ್ಮ ಚಾಚಾ ಭಾಳ ಹಟಮಾರಿ ಮನಷ್ಯಾ. ಇದನ್ನ ಹಿಡಿತಾನಂತ ನಂಬೇನಿ ಅಂದ್ರ ಸುಳ್ಳ ಆಗ್ತೈತಿ. ಆದ್ರ ನೀ ಹೊಂಟೀಯಲ್ಲ, ಅದು ಭೇಷ್ ಆತು. ನನ್ನ ಜೋಡಿ ಫೋನ್‌ನ್ಯಾಗ ಮಾತಾಡಿದಾಗೊಮ್ಮೆ ನಿನ್ನ ಕೇಳ್ತಾನ." ನಾನು ತಾಟು ತೊಳೆಯಲು ಎದ್ದೆ.

ಮುದ್ದೇಬಿಹಾಳದಿಂದ ನಿಡಗುಂದಿಗೆ ಒಂದು ತಾಸು. ಕಾಲುವೆ ನೀರು ಕಂಡ ಹೊಲಗಳು ಅಲ್ಲಿಂದ ಶುರು, ಕಬ್ಬು, ಮೆಣಸಿನಕಾಯಿ, ಉಳ್ಳಾಗಡ್ಡಿ. ನಿಡಗುಂದಿಯಿಂದ ಟಂಟಂ ಆಟೋ ಹತ್ತಿ ಹಳ್ಳಿಗೆ ಬಂದಾಗ ನಾಲ್ಕಾಗಿತ್ತು. ದೊಡ್ಡ ಮನೆ, ತುಂಬಿದ ಮನೆ. ಚಾಚಿಯ ಅಣ್ಣತಮ್ಮಂದಿರು, ಸೊಸೆಯಂದಿರು, ಅಂಗಳದ ತುಂಬ ಒಣಹಾಕಿದ ಮೆಣಸಿನಕಾಯಿ. ಚಾಚಾ ಕಟ್ಟೆಯ ಮೇಲೆ ಕೂತಿದ್ದರು, ಬಲಗೈಯನ್ನು ಟವೆಲ್ಲಿನ ಕೆಳಗೆ ಮುಚ್ಚಿಕೊಂಡು.

ನನ್ನನ್ನು ಕಂಡು ಏಳಲಿಲ್ಲ. ಬಹಳ ಹೊತ್ತು ನೋಡಿದರು. "ಯಾರಪಾ ಇದು? ಇಂಡಿ ಕಡೀ ಮನಷ್ಯಾ ಇದ್ದಂಗ ಐತಿ" ಎಂದರು.

"ತಪ್ಪಾತ್ರಿ ಚಾಚಾ" ಎಂದೆ.

ಚಾಚಿ ಒಳಗಿನಿಂದ ಬಂದು ನನ್ನ ತಲೆ ಸವರಿದರು. "ನೀ ಬರ್ತೀ ಅಂತ ಫೋನ್ ಬಂದಾಗಿಂದ ಇವರು ಮೂರ ಸಲ ಅಂಗಿ ಬದಲ್ಸ್ಯಾರ ನೋಡು" ಎಂದರು. ಚಾಚಾ ಅವರ ಮೇಲೆ ರೇಗಿದರು.

ಮರುದಿನ ಭಾನುವಾರ. ಬೆಳಿಗ್ಗೆ ಏಳಕ್ಕೆ, ಅಲ್ಲಿಂದಲೇ ಬಸ್ಸು ಹಿಡಿಯಲೆಂದು ನನ್ನ ಚೀಲವನ್ನೂ ಎತ್ತಿಕೊಂಡು, ಊರಾಚೆಯ ಕೆರೆಗೆ ಹೋದೆವು. ಕಾಲುವೆಯಿಂದ ನೀರು ತುಂಬಿಸಿದ ಕೆರೆ, ಒಂದು ಬದಿಗೆ ಜೊಂಡು, ಇನ್ನೊಂದು ಬದಿಗೆ ಏರಿಯ ಮೇಲೆ ಬಸವನ ಬಾಗೇವಾಡಿಗೆ ಹೋಗುವ ರಸ್ತೆ. ಗಾಳಿ ಇರಲಿಲ್ಲ. ಜೊಂಡಿನ ಬುಡದಲ್ಲಿ ಗುಳ್ಳೆ ಏಳುವುದು ಕಂಡ ಕೂಡಲೇ ಚಾಚಾ ನಿಂತರು. "ಅದಾವ" ಎಂದರು. ಮನೆಯಿಂದ ಇಲ್ಲಿಗೆ ಒಂದೇ ಕಿಲೋಮೀಟರು. ಎರಡು ವರ್ಷದಲ್ಲಿ ಅವರು ಇಲ್ಲಿಗೆ ಒಮ್ಮೆಯೂ ಬಂದಿರಲಿಲ್ಲವಂತೆ.

"ಮನಿ ಮಂದಿಗೆ ಹೇಳಿದ್ರ ಹುಳ ಚುಚ್ಚಿ ಕೊಡ್ತಿರಲಿಲ್ಲೇನ್ರಿ?" ಎಂದು ಕೇಳಿದೆ.

"ಹೆಂಡ್ತಿ ತವರಮನ್ಯಾಗ ಕುಂತ ಉಣ್ಣಾಕತ್ತೇನಿ. ಮ್ಯಾಲ ಹುಳಾನೂ ಚುಚ್ಚಿ ಕೊಡ್ರಿ ಅನ್ನಲೇನು?"

ಕೋಲು ಕೊಟ್ಟೆ. ಎಡಗೈಯಲ್ಲಿ ಹಿಡಿದು ಅದರ ತೂಕ ನೋಡಿದರು, ತುದಿಯ ಗೀರು ಕಂಡು ಹುಬ್ಬೇರಿಸಿದರು. "ನುಗ್ಗಿಕಾಯಿ" ಎಂದೆ. "ಸಿದ್ದ್ಯಾನ ಮನಿ ಹಾಳಾಗ" ಎಂದು ನಕ್ಕರು. ಆ ನಗು ಕೇಳಿ ಎರಡು ವರ್ಷವಾಗಿತ್ತು. ರಬ್ಬರ್ ಮೀನನ್ನು ದಾರಕ್ಕೆ ಕಟ್ಟಿ ವಿವರಿಸಿದೆ: ಒಗೆಯುವುದು, ಸುತ್ತುವುದು, ಅಷ್ಟೇ. ಕಾಕಾ ಹೇಳಿದಂತೆ ಹಟ ಮಾಡಲಿಲ್ಲ. ನಾನು ತಂದಿದ್ದೇನೆಂಬ ಕಾರಣಕ್ಕೆ ಒಂದು ಮಾತೂ ಆಡದೆ ಕೈಗೆ ತೆಗೆದುಕೊಂಡರು.

ಎಡಗೈಯಿಂದ ಒಗೆದದ್ದು ಮೊದಲೆರಡು ಸಲ ಕಾಲ ಬುಡಕ್ಕೇ ಬಿತ್ತು. ಮೂರನೆಯದು ಜೊಂಡಿನ ಅಂಚಿಗೆ ಹೋಯಿತು. ಬಲಮುಷ್ಟಿಯನ್ನು ರೀಲಿನ ಹಿಡಿಗೆ ಒತ್ತಿ ಮೆಲ್ಲಗೆ ಸುತ್ತಿದರು. ನೀರಿನೊಳಗೆ ರಬ್ಬರ್ ಬಾಲ ಬಳುಕುತ್ತ ಬಂತು. ಧಡ್ ಎಂದು ನೀರು ಚಿಮ್ಮಿ ಕೋಲು ಬಾಗಿತು!

ಚಾಚಾ ಸುತ್ತುವುದನ್ನು ನಿಲ್ಲಿಸಿದರು. ಕೋಲಿನ ತುದಿಯನ್ನು ಮೀನಿನ ಕಡೆಗೆ ಬಾಗಿಸಿ ದಾರ ಸಡಿಲ ಬಿಟ್ಟರು. "ಇಂಡಿ..." ಎಂದರು.

"ಚಾಚಾ, ಜಗ್ಗ್ರಿ! ಈಗ ಜಗ್ಗ್ರಿ!"

"ಗಪ್ ಕುಂಡ್ರೋ. ಸಾಲೋಟಗಿ..."

"ಅದು ರಬ್ಬರ್ ಐತ್ರಿ! ಬಾಯಾಗ ಇಟ್ಕೊಳ್ಳಂಗಿಲ್ಲ, ಉಗುಳ್ತೈತಿ!"

ಸಿಂದಗಿ ಬರುವುದರೊಳಗೆ ದಾರ ಸತ್ತು ಬಿತ್ತು. ರುಚಿಯಿಲ್ಲದ್ದನ್ನು ಮೀನು ಉಗುಳಿ ಹೋಗಿತ್ತು. ಮತ್ತೆ ಒಗೆದರು, ಮತ್ತೆ ಹೊಡೆಯಿತು, ಮತ್ತೆ ಕೋಲಿನ ತುದಿ ತಾನಾಗಿ ಬಾಗಿತು. ಐವತ್ತು ವರ್ಷದ ತಾಳ್ಮೆ ಆ ತೋಳಿನೊಳಗೆ ಕೂತಿತ್ತು. ನಾನು ಪಕ್ಕದಲ್ಲಿ ನಿಂತು ಕೂಗಿದರೆ ಅದು ಎದ್ದು ಹೋಗುತ್ತದೆಯೇ? ಮೂರು ಮೀನು ಹೀಗೇ ಹೋದವು. ಕೋಲನ್ನು ನನ್ನ ಕೈಗೆ ಕೊಟ್ಟರು. "ನೀ ತೋರ್ಸು."

ಒಗೆದೆ, ಸುತ್ತಿದೆ, ಹೊಡೆದ ಕೂಡಲೇ ಜಗ್ಗಿದೆ. ಒಂದೂವರೆ ಕಿಲೋದ ಕೊರವ ದಂಡೆಗೆ ಬಂದು ಒದ್ದಾಡಿತು. ಹದಿನೆಂಟು ವರ್ಷ ಯಾವ ಅವಸರಕ್ಕಾಗಿ ಬೈಸಿಕೊಂಡಿದ್ದೆನೋ ಅದೇ ಅವಸರ ನನಗೆ ಮೀನು ಕೊಟ್ಟಿತು. ಚಾಚಾರ ಮುಂದೆ ಮೀನು ಹಿಡಿದು ಇಷ್ಟು ಸಂಕಟಪಟ್ಟದ್ದು ಅದೇ ಮೊದಲು.

"ಛಲೋ ಸಾಮಾನ ಐತಿ. ಭಾಳ ಸರಳ ಐತಿ" ಎಂದು ಚಾಚಾ ರಬ್ಬರ್ ಮೀನನ್ನು ಎಡಗೈಯಲ್ಲಿ ತಿರುವಿ ನೋಡಿದರು. "ಇದರಾಗ ಕಾಯೂದ ಇಲ್ಲಲ್ಲೋ. ಮೀನ ಬಾಯಾಗ ಹಿಡದಿರ್ತೈತಿ, ನುಂಗೇತೋ ಬಿಟ್ಟೇತೋ ಗೊತ್ತಾಗವಲ್ದು, ದಾರ ಕೈಯಾಗ ಇರ್ತೈತಿ. ಅದರ ಸಲುವಾಗಿ ಬರ್ತಿದ್ನಿ ನಾ ಹೊಳಿಗೆ. ತಿನ್ನಾಕಂದ್ರ ಪ್ಯಾಟ್ಯಾಗ ಮೀನ ಸಿಗಂಗಿಲ್ಲೇನು?"

"ಕಲತ್ರ ಬರ್ತೈತ್ರಿ. ನಾಲ್ಕ ದಿನ ಆಡಸ್ರಿ. ಅಂಗಡ್ಯಾವ ಹೇಳ್ಯಾನ, ಇದಕ್ಕ ಯಾರೂ ಬೇಕಾಗಿಲ್ಲಂತ, ಒಬ್ಬರ..."

ಚಾಚಾ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಇದನ್ನ ಕೊಟ್ಟಹೋದ್ರ ನೀ ಮತ್ತ ಬರೂದು ತಪ್ಪತೈತಿ ಅಂತ ತಂದೀ ಏನೋ, ಮಲ್ಲ್ಯಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಸಿಂದಗಿಯ ಅಂಗಡಿಯಲ್ಲಿ ನನಗಾದ ಖುಷಿ ಎಂಥದ್ದೆಂದು ಆಗ ತಿಳಿಯಿತು. ಇಲ್ಲ ಎನ್ನಲಾಗಲಿಲ್ಲ. ಹೌದು ಎನ್ನುವಷ್ಟು ಗಂಡಸುತನವೂ ಇರಲಿಲ್ಲ. ಕೆಳಗೆ ಕೂತು, ರಬ್ಬರ್ ಮೀನು ಬಿಚ್ಚಿ, ದಾರಕ್ಕೆ ಬರಿಯ ಗಾಳ ಕಟ್ಟಿದೆ. ದಂಡೆಯ ಹಸಿಮಣ್ಣು ಕೆದಕಿ ಎರೆಹುಳು ಹುಡುಕಿ, ಅವರು ಕಲಿಸಿದಂತೆ ಮೂರು ಹುಳು ಮಡಚಿ ಚುಚ್ಚಿದೆ. ಚಾಚಾ ಒಗೆದರು. ಇಬ್ಬರೂ ಕೂತೆವು.

ಒಂದು ತಾಸು ಏನೂ ಆಗಲಿಲ್ಲ. ಬಿಸಿಲೇರಿತು. ನೀರುಕೋಳಿ ಜೊಂಡಿನಿಂದ ಜೊಂಡಿಗೆ ಓಡಾಡಿತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ, ಅಷ್ಟೊತ್ತು, ನಾನೇ! ಆಮೇಲೆ ದಾರ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಚಾಚಾ ತುದಿ ಬಾಗಿಸಿದರು, ತುಟಿಗಳು ಅಲ್ಲಾಡಿದವು. ತಾಳಿಕೋಟಿ ಬಂದಿತು, ಜಗ್ಗಿದರು. ಖಾಲಿ. ಹುಳು ಪೂರಾ ತಿಂದು ಮೀನು ಹೋಗಿತ್ತು. ಎಡಗೈಗೆ ಇನ್ನೂ ಆ ವೇಗ ಬಂದಿರಲಿಲ್ಲ.

"ಹರಾಮಖೋರ!" ಎಂದು ಚಾಚಾ ತಲೆ ಹಿಂದಕ್ಕೆ ಹಾಕಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. "ಲಗೂ ಹುಳ ಹಾಕೋ, ಇನ್ನಾ ಅಲ್ಲೇ ಐತಿ ಅದು."

ಮಣ್ಣು ಕೆದಕಲು ಬಗ್ಗಿದೆ. ಆಗಲೇ ಏರಿಯ ಮೇಲೆ ಬಾಗೇವಾಡಿ ಬಸ್ಸಿನ ಹಾರ್ನ್ ಕೇಳಿತು, ಮನೆಯವರು ಹೇಳಿದ್ದ ಹೊತ್ತಿಗಿಂತ ಅರ್ಧ ತಾಸು ಮೊದಲೇ. ಸೋಮವಾರ ಬೆಳಿಗ್ಗೆಗೆ ಎರಡು ಮೋಟರ್ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಚಾಚಾ ಅದನ್ನು ಬಲ್ಲವರು. "ಓಡು, ಓಡು. ಇದ ಬಿಟ್ರ ಸಂಜೀಕ. ನನ್ನ ಮೈದುನ ಬರ್ತಾನ ಕರ್ಕೊಂಡು ಹೋಗಾಕ" ಎಂದು ಎಡಗೈ ಬೀಸಿದರು. ಚೀಲ ಎತ್ತಿಕೊಂಡು ಓಡಿದೆ. ಹತ್ತಿ, ಕಿಟಕಿ ಪಕ್ಕ ಕೂತು, ಟಿಕೆಟ್ ತೆಗೆದುಕೊಂಡು ಹಿಂತಿರುಗಿ ನೋಡಿದೆ.

ಚಾಚಾ ಗಾಳ ಒಗೆಯುತ್ತಿದ್ದರು. ಜೊಂಡಿನ ಅಂಚಿಗೇ, ಸರಿಯಾಗಿ ಬಿತ್ತು. ಕೋಲನ್ನು ಎಡ ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ದಾರವನ್ನೇ ನೋಡುತ್ತಿದ್ದರು. ಅದರ ತುದಿಯಲ್ಲಿ ಬರಿಯ ಕಬ್ಬಿಣವಿದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಸ್ಸು ತಿರುವು ದಾಟಿತು.

ಬಸವನ ಬಾಗೇವಾಡಿಯಲ್ಲಿ ಇಳಿದಾಗ ಹನ್ನೊಂದೂವರೆ. ವಿಜಯಪುರದ ಬಸ್ಸು ಸಿದ್ಧವಾಗಿ ನಿಂತಿತ್ತು, ಕಂಡಕ್ಟರ್ ಕೂಗಿ ಕರೆಯುತ್ತಿದ್ದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೆ. ಹಿಂದಿನವರು ಬೈದರು. ಕಾಲು ತೆಗೆದೆ. ಬಸ್ಸು ಹೋಯಿತು. ಮೋಟರಿನವರಿಬ್ಬರಿಗೂ ಫೋನ್ ಮಾಡಿ ಮಂಗಳವಾರ ಎಂದೆ. ಒಬ್ಬ ಒಪ್ಪಿದ, ಒಬ್ಬ ನನ್ನ ವಂಶವನ್ನೆಲ್ಲ ಜಾಲಾಡಿದ. ನಿಡಗುಂದಿ ಕಡೆಯ ಬಸ್ಸು ಹತ್ತಿ ಕೂತ ಮೇಲೆ ಹೆಂಡತಿಗೆ ಮಾಡಿದೆ.

"ಇವತ್ತ ಬರಂಗಿಲ್ಲ. ಚಾಚಾರ ಕಡೆ ಹೊಳ್ಳಿ ಹೊಂಟೇನಿ."

ಅವಳು ಕೇಳಿದಳು: "ಚಾಚಾರಿಗೆ ಮೀನ ಸಿಕ್ಕಾವೇನ್ರಿ?"

"ಇಲ್ಲ" ಎಂದೆ. "ಇನ್ನಾ ಹುಳಾನ ಹಾಕಿಲ್ಲ."